ಏಳು ಮನೆಯ ಒಂದು ಕರಿ ಕೋಳಿ

ನಮ್ಮ ಶಾಲೆಯ ಕನ್ನಡ ಮೇಷ್ಟ್ರು ಲಕ್ಷ್ಮಿಕಾಂತ್ ಅವರು ಒಂದು ದಿನದ ತರಬೇತಿಗೆ ಹೋಗಿ ಬಂದ ಮೇಲೆ ಗರುಡಾಚಾರ್‌ಪಾಳ್ಯದಲ್ಲಿ ಮಕ್ಕಳಿಂದ ಹಿಡಿದು ಕೋಳಿಯವರೆಗೆ ಯಾರೂ ನೆಮ್ಮದಿಯಾಗಿರಲಿಲ್ಲ. ತರಬೇತಿ ಎರಡು ದಿನದ್ದಾಗಿದ್ದರೆ ಏನು ಗತಿಯಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ನನಗೆ ಎದೆ ಝಲ್ಲೆನ್ನುತ್ತದೆ.

ನಾನು ಅಹ್ಮದ್ ಪಾಷಾ, ಅದೇ ಶಾಲೆಯ ಹಿಂದಿ ಮೇಷ್ಟ್ರು. ಮನೆ ಶಿವಾಜಿನಗರ. ಮನೆಯಲ್ಲಿ ದಖ್ಖನಿ, ಬಸ್ಸಿನಲ್ಲಿ ತಮಿಳು, ಕ್ಲಾಸಿನಲ್ಲಿ ಹಿಂದಿ, ಸಿಟ್ಟು ಬಂದರೆ ಇಂಗ್ಲಿಷು. ಕನ್ನಡವನ್ನು ಸಮಾಧಾನದ ಮಾತಿಗೆಂದು ಇಟ್ಟುಕೊಂಡಿದ್ದೇನೆ. ಈ ಕಥೆ ನಡೆದಾಗ ನನಗೆ ಸಮಾಧಾನವೇನೂ ಇರಲಿಲ್ಲ. ಈಗ ಇದೆ, ಅದಕ್ಕೇ ಹೇಳುತ್ತಿದ್ದೇನೆ.

ಅದು ತೊಂಬತ್ತೊಂಬತ್ತನೇ ಇಸವಿ. ತರಬೇತಿಯ ಹೆಸರು ‘ವಿದ್ಯಾರ್ಥಿಗಳಲ್ಲಿ ನಕಲು: ತಡೆ ಮತ್ತು ಪತ್ತೆ’. ನಿಜ ಹೇಳಬೇಕೆಂದರೆ ಅದಕ್ಕೆ ನಾನು ಹೋಗಬೇಕಾಗಿತ್ತು. ಅವತ್ತು ನನಗೆ ಹಲ್ಲುನೋವು ಬಂದದ್ದರಿಂದ ಅವರು ಹೋದರು. ಆ ಹಲ್ಲನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮರುದಿನ ಸ್ಟಾಫ್ ರೂಮಿಗೆ ಬಂದ ಮೇಷ್ಟ್ರ ಎಡಗೈಯಲ್ಲಿ ಪ್ಲಾಸ್ಟಿಕ್ ಫೈಲು, ಬಲಗೈಯಲ್ಲಿ ಭೂತಗನ್ನಡಿ, ಜೇಬಿನಲ್ಲಿ ಎರಡು ಹೊಸ ಕೆಂಪು ಪೆನ್ನು. ಫೈಲನ್ನು ತರಬೇತಿಯವರು ಕೊಟ್ಟಿದ್ದರು. ಭೂತಗನ್ನಡಿ ಅವರ ಸ್ವಂತ ಉತ್ಸಾಹ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮ ಮೇಷ್ಟ್ರು ಆ ಗಾಜನ್ನು ಹಾಡುಹಗಲೇ ಹಿಡಿದರು. ಹಾಜರಿ ಪುಸ್ತಕಕ್ಕೆ ಹಿಡಿದರು, ಗೋಡೆಯ ನಕ್ಷೆಗೆ ಹಿಡಿದರು, ನಾನು ತಿನ್ನುತ್ತಿದ್ದ ವಡೆಗೂ ಹಿಡಿದರು.

“ಪಾಷಾ ಸಾಹೇಬ್ರೆ, ಮಕ್ಕಳು ಯಾಕೆ ಕಾಪಿ ಹೊಡೀತಾರೆ, ಹೇಳಿ ನೋಡೋಣ?”

“ಬರೆಯೋಕೆ ಬೇಜಾರು ಸಾರ್.”

“ತಪ್ಪು! ನಾವು ಕೇಳೋ ಪ್ರಶ್ನೆ ಹಾಗಿರುತ್ತೆ, ಅದಕ್ಕೆ. ‘ಗ್ರಂಥಾಲಯದ ಮಹತ್ವ’ ಅಂತ ಕೊಟ್ರೆ ಗೈಡ್ ನೋಡಿ ಬರೀತಾರೆ. ಗೈಡಲ್ಲಿ ಇಲ್ಲದ್ದನ್ನೇ ಕೇಳ್ಬೇಕು. ಕಳ್ಳ ಬರೋಕೆ ಮುಂಚೇನೇ ಬೀಗ ಹಾಕ್ಬೇಕು ಕಣ್ರೀ.”

ಎಂಟು, ಒಂಬತ್ತು, ಹತ್ತು, ಮೂರೂ ತರಗತಿಗೆ ಅವರು ಹಾಕಿದ ಬೀಗ ಒಂದೇ. ‘ನಮ್ಮ ಮನೆಯ ಒಂದು ಭಾನುವಾರ’ ಎಂಬ ಪ್ರಬಂಧ.

“ಇವರ ಮನೆ ಭಾನುವಾರ ಯಾವ ಗೈಡಲ್ಲಿರುತ್ತೆ? ತೋರಿಸಿ ನನಗೆ!”

ನನಗೆ ತೋರಿಸಲಾಗಲಿಲ್ಲ. ವಿಷಯ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಮುಖ್ಯೋಪಾಧ್ಯಾಯಿನಿ ಸುಭದ್ರಮ್ಮನವರಿಗೂ ಮೆಚ್ಚುಗೆಯಾಗಿ, ಎಲ್ಲಕ್ಕಿಂತ ಚೆನ್ನಾಗಿರುವ ಪ್ರಬಂಧವನ್ನು ವಾರ್ಷಿಕೋತ್ಸವದ ದಿನ ವೇದಿಕೆಯ ಮೇಲೆ ಓದಿಸೋಣ ಎಂದರು.

ನೂರ ಹದಿನೆಂಟು ಪ್ರಬಂಧಗಳು ಬಂದವು. ಗುರುವಾರ ಮಧ್ಯಾಹ್ನ ಸ್ಟಾಫ್ ರೂಮಿನ ಮೂಲೆಯಿಂದ “ಸಿಕ್ಕಿಬಿದ್ರು!” ಎಂಬ ಕೂಗು ಕೇಳಿ ನನ್ನ ಟೀ ಪ್ಯಾಂಟಿನ ಮೇಲೆ ಚೆಲ್ಲಿತು.

“ನೋಡಿ ಇಲ್ಲಿ. ಒಂಬತ್ತನೇ ಕ್ಲಾಸಿನ ರೇವತಿ. ‘ನಮ್ಮ ಮನೆಯಲ್ಲಿ ಭಾನುವಾರ ತೊಂಬತ್ತಾರು ಜೋಳದ ರೊಟ್ಟಿ ಬಡಿಯುತ್ತಾರೆ.’ ತೊಂಬತ್ತಾರು! ಇದು ಮನೇನೋ ಮಿಲಿಟರಿ ಕ್ಯಾಂಪೋ? ಹೋಗ್ಲಿ ಅನ್ನೋಣ. ಹತ್ತನೇ ಕ್ಲಾಸಿನವನು ಬರೀತಾನೆ, ‘ನಮ್ಮ ಮನೆಯಲ್ಲಿ ತೊಂಬತ್ತು ರೊಟ್ಟಿ.’ ಎಂಟನೇ ಕ್ಲಾಸಿನವಳು, ‘ಸುಮಾರು ನೂರು.’ ಏಳು ಜನ, ಪಾಷಾ ಸಾಹೇಬ್ರೆ! ಏಳು ಜನರ ಮನೇಲೂ ರೊಟ್ಟಿ. ಏಳು ಜನರ ಮನೇಲೂ ಒಂದು ಕರಿ ಕೋಳಿ ಬಂದು ಹಿಟ್ಟಿಗೆ ಬಾಯಿ ಹಾಕುತ್ತೆ. ಏಳು ಜನರ ಮನೇಲೂ ಸಂಜೆ ಟೀವೀಲಿ ಸಿನಿಮಾ. ಏಳು ಜನರ ಮನೇಲೂ ಕ್ಲೈಮ್ಯಾಕ್ಸಿಗೆ ಸರಿಯಾಗಿ ಕರೆಂಟು ಹೋಗುತ್ತೆ!”

ನಾನು ಹಾಳೆಗಳನ್ನು ತಿರುವಿ ನೋಡಿದೆ. “ಮಾತು ಬೇರೆ ಬೇರೆ ಇದೆಯಲ್ಲ ಸಾರ್. ರೊಟ್ಟಿ ಲೆಕ್ಕಾನೂ ಬೇರೆ.”

“ಅದೇ ಅವರ ಚಾಲಾಕಿ! ತರಬೇತೀಲಿ ಹೇಳಿದಾರೆ. ದಡ್ಡ ಪದ ಕದೀತಾನೆ, ಬುದ್ಧಿವಂತ ವಿಷಯ ಕದ್ದು ಪದ ಬದಲಾಯಿಸ್ತಾನೆ. ರೊಟ್ಟಿ ಲೆಕ್ಕಾನೂ ಬದಲಾಯಿಸಿದಾರೆ ಅಂದ್ರೆ ಎಷ್ಟು ಪಳಗಿದ ಕೈ ಇರ್ಬೇಕು! ಎಂಟರಿಂದ ಹತ್ತರವರೆಗೆ ಜಾಲ ಹರಡಿದೆ.”

ಈ ಕಳ್ಳರ ಸಂತೆಯ ನಡುವೆ ಒಂದೇ ಒಂದು ಪ್ರಬಂಧ ಮೇಷ್ಟ್ರ ಕಣ್ಣಲ್ಲಿ ನೀರು ತರಿಸಿತ್ತು. ಒಂಬತ್ತನೇ ತರಗತಿಯ ದುರ್ಗೇಶನದು. ಅವರು ಎದ್ದು ನಿಂತು ಓದಿದರು. “‘ಕೋಗಿಲೆಯ ಇಂಚರದಿಂದ ನಮ್ಮ ಭಾನುವಾರ ಕಣ್ದೆರೆಯುತ್ತದೆ. ತಂದೆಯವರು ಗುಲಾಬಿ ತೋಟಕ್ಕೆ ನೀರೆರೆಯುತ್ತಾರೆ. ಅಜ್ಜಿಯವರು ವೀಣೆ ನುಡಿಸುತ್ತಾರೆ. ಸಂಜೆ ಮನೆಮಂದಿಯೆಲ್ಲ ಕಡಲ ತೀರಕ್ಕೆ ನಡೆದು ಹೋಗುತ್ತೇವೆ.’ ಆಹಾ! ಇದು ಸ್ವಂತಿಕೆ ಅಂದ್ರೆ. ಇಡೀ ಶಾಲೇಲಿ ಇನ್ನೊಬ್ಬ ಹೀಗೆ ಬರೆದಿಲ್ಲ. ಓದ್ತಾ ಓದ್ತಾ ನನ್ನ ಮನಸ್ಸಿನ ಮಾತನ್ನೇ ಬರೆದಿದಾನೆ ಅನ್ನಿಸ್ತು.”

“ಕಡಲ ತೀರಕ್ಕೆ ನಡ್ಕೊಂಡಾ ಸಾರ್?” ಎಂದೆ. ಗರುಡಾಚಾರ್‌ಪಾಳ್ಯದಿಂದ ನಡೆದುಹೋದರೆ ಸಿಗುವ ನೀರೆಂದರೆ ಕೆರೆ. ಅದರಲ್ಲೂ ಅರ್ಧ ಜೊಂಡು.

“ಅದು ಕವಿಕಲ್ಪನೆ ಕಣ್ರೀ. ನಿಮ್ಮ ಹಿಂದಿಯವರಿಗೆ ಇದೆಲ್ಲ ತಿಳಿಯಲ್ಲ.”

ನಾನು ಪ್ಯಾಂಟು ಒರೆಸಿಕೊಂಡೆ. ಟೀ ಚೆಲ್ಲಿಕೊಂಡವನಿಗೆ ಕಡಲಿನ ಉಸಾಬರಿ ಯಾಕೆ?

ಶುಕ್ರವಾರ ವಿಚಾರಣೆ. ಲ್ಯಾಬಿನಲ್ಲಿ ಒಬ್ಬೊಬ್ಬರನ್ನೇ ಕರೆದರು. ನಾನು ಬರೆದುಕೊಳ್ಳುವವನು.

“ನಿಮ್ಮ ಮನೆ ಕೋಳಿ ಯಾವ ಬಣ್ಣ?”

“ಕರಿ ಸರ.”

ಎರಡನೆಯವನೂ ಕರಿ ಎಂದ. ಮೂರನೆಯವಳೂ ಕರಿ ಎಂದಳು. ಏಳೂ ಮಂದಿ ಕರಿ ಎಂದಾಗ ಮೇಷ್ಟ್ರು ನನ್ನ ಕಡೆ ವಿಜಯದ ನೋಟ ಬೀರಿದರು. “ನೋಡಿದ್ರಾ? ಮುಂಚೇನೇ ಮಾತಾಡ್ಕೊಂಡು ಬಂದಿದಾರೆ.” ಒಬ್ಬರಾದರೂ ಬೇರೆ ಬಣ್ಣ ಹೇಳಿದ್ದರೆ ‘ಸುಳ್ಳು ಸಿಕ್ಕಿತು’ ಎನ್ನುತ್ತಿದ್ದರು. ಆ ಕೋಳಿಗೆ ಬಚಾವಾಗಲು ದಾರಿಯೇ ಇರಲಿಲ್ಲ.

ರೇವತಿ ಮಾತ್ರ ಬಾಯಿ ಬಿಡಲು ನೋಡಿದಳು. ಗುಲಬರ್ಗಾ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದವರ ಮಗಳು, ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಎರಡು ಜಡೆ, ನೆಟ್ಟ ನೋಟ. “ಸರ, ನಾವೆಲ್ಲಾರೂ ಒಂದೇ...”

“ಒಂದೇ ಗ್ಯಾಂಗು. ಗೊತ್ತು!”

“ಅಲ್ರಿ ಸರ, ಒಂದೇ ಕಡಿ...”

“ಒಂದೇ ಕಡೆ ಕೂತು ಬರೆದಿದೀರಿ. ಅದೂ ಗೊತ್ತು! ಪಾಷಾ ಸಾಹೇಬ್ರೆ, ಬರ್ಕೊಳ್ಳಿ, ತಪ್ಪೊಪ್ಪಿಗೆ.”

ಶಿಕ್ಷೆ ಎರಡು ಬಗೆ. ಮೊದಲನೆಯದು, ‘ನಾನು ನಕಲು ಮಾಡುವುದಿಲ್ಲ’ ಎಂದು ನೂರು ಸಲ ಬರೆಯಬೇಕು.

“ಒಂದೇ ಸಾಲನ್ನ ನೂರು ಸಲ ನೋಡ್ಕೊಂಡು ಬರೆಯೋದೂ ನಕಲೇ ಅಲ್ವಾ ಸಾರ್?” ಎಂದು ಕೇಳಿದೆ.

“ಅದು ಶಿಕ್ಷೆ ಕಣ್ರೀ!”

ಎರಡನೆಯದು, ಪ್ರೋಗ್ರೆಸ್ ಕಾರ್ಡಿನಲ್ಲಿ ನಡತೆಯ ಮುಂದೆ ಕೆಂಪು ಶಾಯಿಯಲ್ಲಿ ‘ನಕಲು’. ಸುಭದ್ರಮ್ಮನವರು ಕಾರ್ಡುಗಳನ್ನು ನೋಡಿ ಕನ್ನಡಕ ಕೆಳಗಿಳಿಸಿದರು. “ಸರಿಯಾಗಿ ವಿಚಾರಿಸಿದೀರಾ ಲಕ್ಷ್ಮಿಕಾಂತ್ ಅವರೇ?”

“ಮೇಡಂ, ಆ ಏಳರಲ್ಲಿ ಒಂದಾದ್ರೂ ಸ್ವಂತದ್ದು ಅಂತ ಸಾಬೀತಾದ್ರೆ ನಾನೂ ನೂರು ಸಲ ಬರೀತೀನಿ!”

ಸುಭದ್ರಮ್ಮ ಆ ಮಾತನ್ನು ತಮ್ಮ ಡೈರಿಯಲ್ಲಿ ಹಸಿರು ಶಾಯಿಯಲ್ಲಿ ಗುರುತು ಹಾಕಿಕೊಂಡರು. ನಮ್ಮ ಶಾಲೆಯಲ್ಲಿ ಹಸಿರು ಶಾಯಿಯ ಪೆನ್ನು ಇದ್ದದ್ದು ಅವರೊಬ್ಬರ ಹತ್ತಿರ. ಅದನ್ನು ಇನ್ನೊಬ್ಬರು ಮುಟ್ಟಿದ್ದನ್ನು ನಾನು ಕಂಡಿಲ್ಲ.

ಶನಿವಾರ ಕಾರ್ಡು ಹಂಚಿದ ಮೇಲೆ ರೇವತಿ ಕಾರಿಡಾರಿನಲ್ಲಿ ನನ್ನನ್ನು ತಡೆದಳು. “ಪಾಷಾ ಸರ, ನಮ್ಮಪ್ಪಗ ಓದಾಕ ಬರಂಗಿಲ್ರಿ. ಬಣ್ಣ ತಿಳೀತದ. ಅವ್ರ ಫ್ಯಾಕ್ಟರ್ಯಾಗ ಕೆಟ್ಟ ಮಾಲಿಗಿ ಕೆಂಪು ಹಚ್ಚಿ ಹೊರಗ ಒಗೀತಾರಂತ್ರಿ. ಇದನ್ನ ನೋಡಿದ್ರ ಸೋಮವಾರದಿಂದ ನನ್ನ ಶಾಲಿ ಬಿಡಿಸಿ ಗಾರ್ಮೆಂಟ್ಸಿಗಿ ಕಳಸ್ತಾನ್ರಿ.”

ಅಳಲಿಲ್ಲ. ಬಸ್ಸಿನ ಟೈಮು ಹೇಳಿದ ಹಾಗೆ ಹೇಳಿದಳು. ನನಗೆ ಮೇಷ್ಟ್ರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೇರ ಹೋಗಿ ಇಂಗ್ಲಿಷಿನಲ್ಲೇ ಬೈದೆ. ಅವರು ಶಾಂತವಾಗಿ ಕೇಳಿ, “ನಿಮಗೆ ಅನುಮಾನ ಇದ್ರೆ ನಾಳೆ ಭಾನುವಾರ ಸ್ಥಳ ಪರಿಶೀಲನೆ ಮಾಡೋಣ. ಏಳು ಮನೆಗೂ ಹೋಗೋಣ. ಎಲ್ಲಿದೆ ರೊಟ್ಟಿ, ಎಲ್ಲಿದೆ ಕೋಳಿ ನೋಡೇ ಬಿಡೋಣ. ನೀವೇ ಸಾಕ್ಷಿ,” ಎಂದರು.

ಭಾನುವಾರ ಬೆಳಿಗ್ಗೆ ನಾನು ಷರ್ಟು ಹಾಕಿಕೊಳ್ಳುವುದನ್ನು ಕಂಡು ನನ್ನ ಹೆಂಡತಿ ಜಹನಾರಾ, “ಕ್ಯಾ ಜೀ, ಐತ್ವಾರ್ ಕೂ ಭೀ ಇಸ್ಕೂಲ್?” ಎಂದಳು. ಸ್ಕೂಲಿಗಲ್ಲ, ಗರುಡಾಚಾರ್‌ಪಾಳ್ಯಕ್ಕೆ, ಒಂದು ಕೋಳಿ ನೋಡಲು ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೋಳಿ ನೋಡಲು ಅಷ್ಟು ದೂರ ಯಾಕೆ, ರಸೆಲ್ ಮಾರ್ಕೆಟ್ಟಿನ ಕೋಳಿಗಳೇನು ಪರದೆ ಹಾಕಿಕೊಂಡಿವೆಯೇ ಎಂದು ಕೇಳಿದಳು. ನಾನು ಚಪ್ಪಲಿ ಮೆಟ್ಟಿ ಬಸ್ಸು ಹತ್ತಿದೆ.

ಮೇಷ್ಟ್ರು ವಿಮಾನಪುರದಿಂದ ಮುಂಚೆಯೇ ಬಂದು ಸ್ಟಾಪಿನಲ್ಲಿ ಕಾಯುತ್ತಿದ್ದರು. ಫೈಲು, ಭೂತಗನ್ನಡಿ, ಕೊಡೆ, ನೀರಿನ ಬಾಟಲಿ. “ಮನೆಗೆ ಇಪ್ಪತ್ತು ನಿಮಿಷ, ಮನೆಯಿಂದ ಮನೆಗೆ ಓಡಾಟಕ್ಕೆ ಹತ್ತು ನಿಮಿಷ. ಒಂದೂವರೆಗೆ ಮುಗಿಯುತ್ತೆ. ರಿಜಿಸ್ಟರಲ್ಲಿ ಎಲ್ಲರ ವಿಳಾಸದಲ್ಲೂ ‘ಗೋವಿಂದಮ್ಮನ ವಠಾರ’ ಅಂತಿದೆ. ಯಾವುದೋ ಹೆಸರುವಾಸಿ ಗುರುತು ಇರ್ಬೇಕು. ಅಲ್ಲಿಂದ ಶುರು ಮಾಡೋಣ.”

ನನಗೆ ಅಲ್ಲೇ ಅರ್ಥವಾಯಿತು. ಆದರೆ ನಾನು ಹೇಳಲಿಲ್ಲ. ಮೊದಲ ದಿನದ ವಡೆ ಇನ್ನೂ ನೆನಪಿತ್ತು.

ವಠಾರವೆಂದರೆ ಮುಂದೆ ಮಾಲೀಕರ ಮನೆ, ಹಿಂದೆ ಶೀಟಿನ ಛಾವಣಿಯ ಹತ್ತು ಕೋಣೆಗಳ ಒಂದು ಸಾಲು. ಬಾಗಿಲಲ್ಲಿ ಪೀರಮ್ಮ ಎಂಬ ಮುದುಕಿ ಪುಂಡಿ ಸೊಪ್ಪು ಬಿಡಿಸುತ್ತಾ ಕೂತಿದ್ದಳು.

“ಸಾಯಬಣ್ಣನವರ ಮನೆ ಎಲ್ಲಿ ಬರುತ್ತಮ್ಮ?”

“ಇದಾ ರಿ,” ಎಂದು ಎಡಗಡೆಯ ಬಾಗಿಲು ತೋರಿಸಿದಳು.

ಮೇಷ್ಟ್ರು ಫೈಲಿನಲ್ಲಿ ಟಿಕ್ ಹಾಕಿದರು. “ಒಂದು. ಮುಂದಿನದು ಚಂದ್ರಾಮಪ್ಪನವರ ಮನೆ. ಅದಕ್ಕೆ ಹೇಗೆ ಹೋಗೋದು?” ಬಿಸಿಲಿಗೆಂದು ಕೊಡೆಯನ್ನೂ ಬಿಚ್ಚಿದರು.

“ಇದಾ ರಿ.” ಪಕ್ಕದ ಬಾಗಿಲು.

ಓಡಾಟಕ್ಕೆಂದು ಇಟ್ಟಿದ್ದ ಹತ್ತು ನಿಮಿಷ ಒಂದು ಹೆಜ್ಜೆಯಲ್ಲಿ ಮುಗಿಯಿತು. ಮೂರನೆಯ ಮನೆಯೂ ‘ಇದಾ ರಿ’, ನಾಲ್ಕನೆಯದೂ ‘ಇದಾ ರಿ’. ಏಳನೆಯದಕ್ಕೆ ಬರುವಷ್ಟರಲ್ಲಿ ಮೇಷ್ಟ್ರ ದನಿ ಇಳಿದಿತ್ತು, ಕೊಡೆ ಮಾತ್ರ ಬಿಚ್ಚಿದ್ದು ಬಿಚ್ಚಿದಂತೆಯೇ ಇತ್ತು. ಆದರೂ ಛಲ ಬಿಡುವ ಆಸಾಮಿಯಲ್ಲ ಅವರು. ನನ್ನ ಕಿವಿಯ ಹತ್ತಿರ ಬಂದು, “ಒಂದೇ ಕಡೆ ಮನೆ ಮಾಡಿದಾರೆ ಅಂದ್ರೆ ಎಷ್ಟು ವರ್ಷ ಮುಂಚೇನೇ ಪ್ಲಾನ್ ಹಾಕಿರ್ಬೇಕು!” ಎಂದರು.

ಅಷ್ಟರಲ್ಲಿ ಸಾಲಿನ ಕೊನೆಯಿಂದ ಪಟಪಟ ಸದ್ದು. ಹೋಗಿ ನೋಡಿದರೆ ಅಂಗಳದಲ್ಲಿ ಎರಡು ಪಂಪ್ ಸ್ಟೌವು, ಮೇಲೆ ಎರಡು ಹಂಚು. ರೇವತಿಯ ತಾಯಿ ಶೇಷಮ್ಮ ರೊಟ್ಟಿ ಬಡಿಯುತ್ತಿದ್ದಳು. ಒಬ್ಬಳು ಹಿಟ್ಟು ನಾದುತ್ತಿದ್ದಳು, ಇನ್ನೊಬ್ಬಳು ಬೇಯಿಸುತ್ತಿದ್ದಳು. ಬುಟ್ಟಿಯಲ್ಲಿ ರೊಟ್ಟಿಯ ಗೋಪುರ. ಸುತ್ತ ನಮ್ಮ ಏಳೂ ಆರೋಪಿಗಳು ತಟ್ಟೆ ಹಿಡಿದು ಕೂತಿದ್ದರು. ಮೇಷ್ಟ್ರನ್ನು ಕಂಡು ತಟ್ಟೆಗಳೆಲ್ಲ ಒಟ್ಟಿಗೆ ಕೆಳಗಿಳಿದವು.

“ಏಳು ಮನಿದು ಸೀಮೆಎಣ್ಣಿ ಒಟ್ಟಿಗಿ ಸೇರಸ್ತೀವ್ರಿ ಸರ,” ಎಂದಳು ಶೇಷಮ್ಮ. “ಮನಿಗೊಂದು ಸ್ಟೋ ಹಚ್ಚಿದ್ರ ರೇಷನ್ನಿನ ಎಣ್ಣಿ ಸಾಲಂಗಿಲ್ಲ. ಐತವಾರ ಎಲ್ಲಾರಿಗೂ ಸೂಟಿ. ಒಂದೇ ಕಡಿ ಬಡೀತೀವಿ, ಒಂದೇ ಕಡಿ ಉಣ್ತೀವಿ.”

“ಮತ್ತೆ ಲೆಕ್ಕ? ಒಬ್ಬರು ತೊಂಬತ್ತು, ಒಬ್ಬರು ನೂರು...”

“ಎದ್ದು ಹೋಗೋ ಹೊತ್ತಿಗಿ ಎಷ್ಟಿರ್ತಾವೋ ಅಷ್ಟು ಎಣಸ್ತಾವ್ರಿ ಹುಡುಗ್ರು. ಕೊನೀತನಕ ಕುಂದ್ರೋದು ನಮ್ಮ ರೇವತಿ ಒಬ್ಬಾಕಿ.”

ಆಗ ಅದು ಬಂತು. ಕರಿ ಬಣ್ಣ, ಕೆಂಪು ಜುಟ್ಟು, ಮಾಲೀಕರ ನಡಿಗೆ. ಸೀದಾ ಬಂದು ಹಿಟ್ಟಿಗೆ ಬಾಯಿ ಹಾಕಿತು. ಮೇಷ್ಟ್ರು ಬಗ್ಗಿ ಭೂತಗನ್ನಡಿ ಹಿಡಿದರು. ಕೋಳಿ ಗಾಜನ್ನು ಒಂದು ಸಲ ಕುಕ್ಕಿತು.

“ಕರಿ,” ಎಂದರು ಮೇಷ್ಟ್ರು, ಕ್ಷೀಣ ದನಿಯಲ್ಲಿ. “ಇದು ಯಾರ ಕೋಳಿ?”

“ಯಾರದೂ ಅಲ್ರಿ. ಎಲ್ಲಿಂದಲೋ ತಾನಾ ಬಂದು ಇದ್ದುಬಿಟ್ಟದ. ಅದಕ್ಕಾ ಎಲ್ಲಾರೂ ನಮ್ದು ಅಂತಾರ.”

ನಾನು ಸಾಕ್ಷಿಯಾಗಿ ದಾಖಲು ಮಾಡಿಕೊಂಡೆ. ಕೋಳಿ ಒಂದು, ಬಣ್ಣ ಕರಿ, ಮಾಲೀಕರು ಏಳು ಮನೆಯವರು.

ಶೇಷಮ್ಮ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈಯಲ್ಲೇ ಕೇಳಿದಳು. “ನಮ್ಮ ರೇವತಿ ಯಾರದು ಕದ್ದಾಳ್ರಿ ಸರ?”

ಮೇಷ್ಟ್ರು ಫೈಲು ತಡಕಿದರು. ತರಬೇತಿಯವರು ಕೊಟ್ಟ ಆ ಫೈಲಿನಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ನಾನು ರೇವತಿಯ ಪ್ರಬಂಧವನ್ನು ಅವರ ಕೈಯಿಂದ ತೆಗೆದುಕೊಂಡು ಗಟ್ಟಿಯಾಗಿ ಓದಿದೆ. ಅಂಕಿ, ಕೋಳಿ, ಕರೆಂಟುಗಳ ಕೆಳಗೆ ಕೆಂಪು ಗೆರೆ ಎಳೆದಿದ್ದ ಮೇಷ್ಟ್ರು ಇಡೀ ಪ್ರಬಂಧವನ್ನು ಓದಿರಲೇ ಇಲ್ಲ.

‘ರೊಟ್ಟಿ ಬಡಿಯುವಾಗ ಅವ್ವ ಬಲಗೈಯ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ ದಾರದಿಂದ ಕಟ್ಟುತ್ತಾಳೆ. ತೊಂಬತ್ತಾರು ರೊಟ್ಟಿಯಲ್ಲಿ ಅವ್ವನಿಗೆ ಎರಡು. ಅವು ಕೊನೆಯವು. ಸ್ವಲ್ಪ ಸೀದಿರುತ್ತವೆ. ಸೀದದ್ದೇ ರುಚಿ ಎಂದು ಅವ್ವ ಹೇಳುತ್ತಾಳೆ. ನಾನು ಒಂದು ಸಲ ತಿಂದು ನೋಡಿದೆ. ರುಚಿ ಇರಲಿಲ್ಲ.’

ಎಲ್ಲರೂ ಶೇಷಮ್ಮನ ಬಲಗೈ ನೋಡಿದರು. ಮೊಣಕೈ ಹತ್ತಿರ ದಾರ ಕಟ್ಟಿತ್ತು. ಅವಳು ನಾಚಿಕೊಂಡು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಈ ಹುಡುಗಿ ಇದನ್ನೆಲ್ಲಾ ಯಾಕ ಬರೀಬೇಕಿತ್ತು!” ಮೇಷ್ಟ್ರು ಕೊಡೆ ಮಡಿಚಿದರು.

ಪಾಪ, ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಮುಂದಿನ ಮನೆಯಿಂದ ವಠಾರದ ಮಾಲೀಕಳು ಗೋವಿಂದಮ್ಮ ಬಂದಳು. “ಏನ್ ಸಾರ್, ಸ್ಕೂಲಿಂದ ಬಂದಿದೀರಂತೆ? ನಮ್ ಮೊಮ್ಮಗ ಏನಾದ್ರೂ ಮಾಡ್ಕೊಂಡ್ನಾ? ದುರ್ಗೇಶ?”

ಮುಳುಗುತ್ತಿದ್ದ ಮೇಷ್ಟ್ರಿಗೆ ಹುಲ್ಲುಕಡ್ಡಿ ಸಿಕ್ಕಿತು. “ದುರ್ಗೇಶ ನಿಮ್ಮ ಮೊಮ್ಮಗನಾ! ರತ್ನ ಕಣಮ್ಮ, ರತ್ನ! ನೀವು ವೀಣೆ ನುಡಿಸೋದನ್ನ ಎಷ್ಟು ಚೆನ್ನಾಗಿ ಬರೆದಿದಾನೆ!”

“ವೀಣೆನಾ? ನಾನಾ?” ಗೋವಿಂದಮ್ಮ ಹಿಂದೆ ತಿರುಗಿ ಬೇರೆ ಯಾರಾದರೂ ಗೋವಿಂದಮ್ಮ ಇದ್ದಾರೆಯೇ ಎಂದು ನೋಡಿದಳು. “ನಮ್ಮನೇಲಿ ಒಂದು ಒಡೆದ ತಂಬೂರಿನೂ ಇಲ್ಲ ಸಾರ್.”

“ಗುಲಾಬಿ ತೋಟ?”

“ಡಬ್ಬದಲ್ಲಿ ಒಂದ್ ತುಳಸಿ ಐತೆ. ಅದನ್ನೂ ಆ ಕೋಳಿ ಕೆದರಿ ಹಾಕೈತೆ.”

“ಮತ್ತೆ ಭಾನುವಾರ ನೀವು...?”

“ಸಂಜೆ ಕಿಟಕಿ ತೆಗ್ದು ಈ ಮಕ್ಳಿಗೆ ಟೀವೀಲಿ ಸಿನಿಮಾ ತೋರಿಸ್ತೀನಿ. ಕೊನೇಗೆ ಕರೆಂಟ್ ಹೋಗುತ್ತೆ, ನನ್ ಬೈತಾರೆ. ದುರ್ಗೇಶ ಮನೇಲಿ ಮಾಡಿದ್ದು ಬಿಟ್ಟು ಇವ್ರ ಜೊತೇಗೇ ರೊಟ್ಟಿ ತಿಂತಾನೆ. ನೋಡಿ, ಅಲ್ಲೇ ಕೂತವ್ನೆ.”

ಏಳು ತಟ್ಟೆಗಳ ಹಿಂದೆ ಎಂಟನೆಯ ತಟ್ಟೆಯೊಂದು ಮುಖ ಮುಚ್ಚಿಕೊಂಡಿತ್ತು. ಮೇಷ್ಟ್ರು ಭೂತಗನ್ನಡಿ ಎತ್ತಿದ್ದೇ ತಡ, ದುರ್ಗೇಶ ಎದ್ದು ನಿಂತ. “ಸಾರ್, ಅಣ್ಣನ ಹಳೇ ನೋಟ್ಸಲ್ಲಿತ್ತು ಸಾರ್. ನೋಡ್ಕೊಂಡು ಬರ್ದೆ.”

“ತಗೊಂಡು ಬಾ ಆ ನೋಟ್ಸು! ಯಾವ ಅಯೋಗ್ಯ ಇದನ್ನ ಬರೆಸಿದ್ದು ನೋಡೋಣ!”

ನೋಟ್ಸು ಬಂತು. ‘ರಜಾದಿನದ ಸವಿ. ಲಕ್ಷ್ಮಿಕಾಂತ್ ಸರ್ ಬರೆಸಿದ್ದು.’ ಕೋಗಿಲೆ, ಗುಲಾಬಿ, ವೀಣೆ, ಕಡಲು, ಎಲ್ಲವೂ ಅಲ್ಲಿದ್ದವು. ಕೆಳಗೆ ಕೆಂಪು ಶಾಯಿಯಲ್ಲಿ ‘ಉತ್ತಮ’ ಮತ್ತು ನಮ್ಮ ಮೇಷ್ಟ್ರ ಸಹಿ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಾನು ಮೆಲ್ಲಗೆ ಕೇಳಿದೆ. “ಸಾರ್, ನಿಮ್ಮ ಊರು ಯಾವ್ದು?”

“ಮಾಲೂರು.”

“ಮಾಲೂರಲ್ಲಿ ಕಡಲು...?”

“ನಮಗೆ ನಮ್ಮ ಮೇಷ್ಟ್ರು ಬರೆಸಿದ್ರು,” ಎಂದರು ತಲೆ ತಗ್ಗಿಸಿ.

“ಅವರ ಊರು?”

“ಬಂಗಾರಪೇಟೆ.”

ಆ ಕಡಲು ಹೀಗೆ ಮೂವತ್ತು ವರ್ಷದಿಂದ ಒಂದು ಹನಿ ನೀರಿಲ್ಲದ ಊರುಗಳಲ್ಲಿ ನೋಟ್ಸಿನಿಂದ ನೋಟ್ಸಿಗೆ ಹರಿದು ಬಂದಿತ್ತು. ಅದನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ.

ಇಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ರೇವತಿಯ ಅಪ್ಪ ಸಾಯಬಣ್ಣ ಈಗ ಮುಂದೆ ಬಂದ. ಕೈಯಲ್ಲಿ ಮಗಳ ಕಾರ್ಡು. “ಅದೆಲ್ಲಾ ಇರ್ಲಿ ಸರ. ಇದಕ್ಕ ಕೆಂಪು ಬಿದ್ದದ. ನಮ್ಮ ಫ್ಯಾಕ್ಟರ್ಯಾಗ ಮೂರು ಬಣ್ಣ. ಹಸಿರು ಹಚ್ಚಿದ್ರ ಪಾಸು. ಹಳದಿ ಹಚ್ಚಿದ್ರ ರೀವರ್ಕು, ತಿರುಗಿ ತಿಕ್ಕಿ ನೋಡ್ತೀವಿ. ಕೆಂಪು ಬಿದ್ರ ಸ್ಕ್ರ್ಯಾಪು. ಅದು ತಿರುಗಿ ಲೈನಿಗಿ ಬರಂಗಿಲ್ಲ.”

“ಅಯ್ಯೋ, ತಪ್ಪು ನಂದು ಸಾಯಬಣ್ಣ! ಈಗಲೇ ಹೊಡೆದು ಹಾಕ್ತೀನಿ!” ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ‘ನಕಲು’ ಎಂಬುದರ ಮೇಲೆ ನಾಲ್ಕು ಗೆರೆ ಗಟ್ಟಿಯಾಗಿ ಎಳೆದರು. ಎಳೆದ ಮೇಲೆ ತಿಳಿಯಿತು, ಅವರ ಹತ್ತಿರ ಇದ್ದ ಎರಡೂ ಪೆನ್ನು ಕೆಂಪು.

ಸಾಯಬಣ್ಣ ಕಾರ್ಡನ್ನು ದೂರ ಹಿಡಿದು ನೋಡಿದ. “ಈಗ ಇನ್ನೂ ಜಾಸ್ತಿ ಆತಲ್ರಿ.”

ರೇವತಿ ಕಣ್ಣು ಮುಚ್ಚಿಕೊಂಡಳು.

“ನನ್ನ ಮಗಳು ಕದ್ದಿಲ್ಲ ಅಂತ ನನಗ ಗೊತ್ತದ್ರಿ,” ಎಂದ ಸಾಯಬಣ್ಣ. “ಆದ್ರ ಶಾಲಿಯವ್ರೇ ಸ್ಕ್ರ್ಯಾಪ್ ಅಂದ ಮ್ಯಾಲ ನಾ ಯಾರ ಮುಂದ ಹೇಳ್ಲಿ? ನಾಳಿ ಮುಂಜಾನಿ ಗಾರ್ಮೆಂಟ್ಸಿನ ವ್ಯಾನ್ ಬರ್ತದ. ಪೀರಮ್ಮನ ಮಗಳು ಕರಕೊಂಡು ಹೋಗ್ತಾಳ. ಅಷ್ಟರಾಗ ಹಸಿರು ತಂದ್ರ ಶಾಲಿ, ಇಲ್ಲಾಂದ್ರ ವ್ಯಾನು.”

ಹಸಿರು ಇದ್ದದ್ದು ಒಬ್ಬರ ಹತ್ತಿರ. ಅವರಿದ್ದದ್ದು ಹಲಸೂರಿನಲ್ಲಿ. ಮೇಷ್ಟ್ರು ಕಾರ್ಡು ಹಿಡಿದು ರಸ್ತೆಗೆ ಓಡಿದ ವೇಗ ನೋಡಿ ಕೋಳಿಯೂ ದಾರಿ ಬಿಟ್ಟಿತು. ಟಿನ್ ಫ್ಯಾಕ್ಟರಿಯ ಹತ್ತಿರ ನಾವು ಹತ್ತಿದ ಬಸ್ಸು ಎಂದಿನಂತೆ ಟ್ರಾಫಿಕ್ಕಿನಲ್ಲಿ ನಿಂತೇ ನಿಂತಿತು. ಮೇಷ್ಟ್ರು ಡ್ರೈವರಿಗೆ, “ಒಂದು ಹುಡುಗಿ ಓದಿನ ಪ್ರಶ್ನೆ ಕಣಪ್ಪ, ಬೇಗ ಹೋಗು!” ಎಂದರು. “ನನ್ಗೂ ಹೋಗ್ಬೇಕು ಅಂತಾನೇ ಆಸೆ ಸಾರ್,” ಎಂದ ಡ್ರೈವರು.

ಸುಭದ್ರಮ್ಮನವರು ಮಧ್ಯಾಹ್ನದ ನಿದ್ದೆಯಿಂದ ಎದ್ದು ಬಂದು ಇಡೀ ಕಥೆ ಕೇಳಿದರು. ಮುಖದಲ್ಲಿ ನಗುವಿಲ್ಲ. ಒಳಗೆ ಹೋಗಿ ಡೈರಿ ತಂದರು, ಒಂದು ಪುಟ ತೆಗೆದರು.

“ನೂರು ಸಲ ಅಂದಿದ್ರಿ ಲಕ್ಷ್ಮಿಕಾಂತ್ ಅವರೇ.”

“ಮೇಡಂ, ಮೊದ್ಲು ಕಾರ್ಡು...”

“ಮೊದ್ಲು ನೂರು. ‘ಪೂರ್ತಿ ಓದದೆ ತೀರ್ಪು ಕೊಡುವುದಿಲ್ಲ.’ ಬರೀರಿ.”

ಮೇಷ್ಟ್ರು ವರಾಂಡದಲ್ಲಿ ಕೂತು ಕೆಂಪು ಶಾಯಿಯಲ್ಲಿ ಬರೆಯತೊಡಗಿದರು. ನಲವತ್ತಕ್ಕೆ ಬಂದಾಗ ಕೈ ಒದರಿ, “ಪಾಷಾ ಸಾಹೇಬ್ರೆ, ಇನ್ನು ಅರವತ್ತು ನೀವು ಬರೆದುಕೊಡ್ತೀರಾ? ಅಕ್ಷರ ಹೆಚ್ಚು ಕಡಿಮೆ ಒಂದೇ ಥರ ಇದೆ,” ಎಂದು ಪಿಸುಗುಟ್ಟಿದರು.

“ಸಾರ್, ಅದು ನಕಲಾಗುತ್ತೆ. ತರಬೇತೀಲಿ ಹೇಳಿಲ್ವಾ?”

ಅವರು ನೂರನ್ನೂ ಬರೆದರು. ಸುಭದ್ರಮ್ಮ ಎಣಿಸಿದರು. ಆಮೇಲೆ ಮನೆಯಲ್ಲೇ ಇದ್ದ ಕಟ್ಟಿನಿಂದ ರೇವತಿಗೆ ಹೊಸ ಕಾರ್ಡು ತೆಗೆದು ಅಂಕಗಳನ್ನೆಲ್ಲ ಮತ್ತೆ ಬರೆದು, ನಡತೆಯ ಮುಂದೆ ತಮ್ಮ ಹಸಿರು ಶಾಯಿಯಲ್ಲಿ ದೊಡ್ಡದಾಗಿ ಬರೆದರು. ‘ಸ್ವಂತ ಬರಹ. ವಾರ್ಷಿಕೋತ್ಸವದಲ್ಲಿ ಓದತಕ್ಕದ್ದು.’ ಉಳಿದ ಆರು ಕಾರ್ಡುಗಳನ್ನು ಸೋಮವಾರ ತರಿಸಿಕೊಳ್ಳುತ್ತೇನೆ ಎಂದರು. ದುರ್ಗೇಶ ಇನ್ನೊಂದು ಸಲ ಬರೆಯಲಿ, ಕಡಲು ಮಾತ್ರ ಬೇಡ ಎಂದೂ ಹೇಳಿದರು.

ನಾವು ವಠಾರಕ್ಕೆ ವಾಪಸು ಬಂದಾಗ ಸಂಜೆ ಕತ್ತಲಾಗುತ್ತಿತ್ತು. ಗೋವಿಂದಮ್ಮನ ಕಿಟಕಿಯ ಮುಂದೆ ಇಡೀ ವಠಾರ ಸೇರಿತ್ತು. ಟೀವಿಯಲ್ಲಿ ನಾಯಕ ಬೆಟ್ಟದ ತುದಿಯಲ್ಲಿ ಒಂದು ಕೈಯಲ್ಲಿ ನೇತಾಡುತ್ತಿದ್ದ. ಮೇಷ್ಟ್ರು ಏದುಸಿರು ಬಿಡುತ್ತಾ ಸಾಯಬಣ್ಣನ ಮುಂದೆ ಕಾರ್ಡು ಹಿಡಿದರು. ಸಾಯಬಣ್ಣ ಕೈ ಚಾಚಿದ. ಕರೆಂಟು ಹೋಯಿತು.

ಏಳು ಮಕ್ಕಳು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

“ಹಸಿರು ಸಾಯಬಣ್ಣ, ಹಸಿರು! ನನ್ನಾಣೆ!” ಎಂದರು ಮೇಷ್ಟ್ರು ಕತ್ತಲಲ್ಲಿ.

“ನೋಡಿದ ಮ್ಯಾಲ ಹೇಳ್ತೀನ್ರಿ.”

ಪೀರಮ್ಮ ಬುಡ್ಡಿದೀಪ ತಂದಳು. ಆ ಬೆಳಕಿನಲ್ಲಿ ಶಾಯಿ ಕಪ್ಪಾಗಿ ಕಂಡಿತು. ಸಾಯಬಣ್ಣ ತಲೆಯಾಡಿಸಿ, “ಖರೆ ಬಣ್ಣ ಬೆಳಕಿನ್ಯಾಗಾ ನೋಡಬೇಕು, ಇನ್‌ಸ್ಪೆಕ್ಷನ್ ಅಂದ್ರ ಹಂಗಾ,” ಎಂದು ಕೂತುಬಿಟ್ಟ. ಎಲ್ಲರೂ ಕೂತೆವು. ಬೆಟ್ಟದ ಮೇಲಿನ ನಾಯಕನನ್ನು ಯಾರೂ ನೆನೆಸಲಿಲ್ಲ. ರೇವತಿ ಅಪ್ಪನ ಪಕ್ಕದಲ್ಲಿ ಕಾರ್ಡಿನ ಒಂದು ಮೂಲೆ ಹಿಡಿದುಕೊಂಡು ಕೂತಿದ್ದಳು. ಅರ್ಧ ಗಂಟೆಯಾಯಿತು. ಪೂರ್ತಿ ಓದದೆ ತೀರ್ಪು ಕೊಡದ ಮನುಷ್ಯನನ್ನು ನಮ್ಮ ಮೇಷ್ಟ್ರು ಅವತ್ತು ಮೊದಲ ಸಲ ಹತ್ತಿರದಿಂದ ಕಂಡರು.

ಬಲ್ಬು ಹತ್ತಿತು. ಮಕ್ಕಳು ಹೋ ಎಂದು ಕೂಗಿದರು. ಸಾಯಬಣ್ಣ ಮೇಷ್ಟ್ರ ಕೈಯಿಂದ ಭೂತಗನ್ನಡಿ ಕೇಳಿ ತೆಗೆದುಕೊಂಡು, ಬಲ್ಬಿನ ಕೆಳಗೆ ನಿಂತು, ಅಕ್ಷರ ಅಕ್ಷರದ ಮೇಲೂ ಗಾಜು ಓಡಿಸಿದ. ಅವನಿಗೆ ಒಂದೂ ಓದಲು ಬರುತ್ತಿರಲಿಲ್ಲ. ಆದರೂ ಕೊನೆಯ ಅಕ್ಷರದವರೆಗೆ ನೋಡಿದ.

“ಪಾಸು,” ಎಂದ. “ಪೀರಮ್ಮಾ, ನಾಳಿ ವ್ಯಾನಿನ್ಯಾಗ ನಮ್ಮ ಹುಡುಗಿ ಬರಂಗಿಲ್ಲ ಅಂತ ಹೇಳು ನಿನ್ನ ಮಗಳಿಗಿ.”

ಶೇಷಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿ ಬುಟ್ಟಿ ತರಲು ಎದ್ದಳು. ಮೇಷ್ಟ್ರು ಉಸಿರು ಬಿಟ್ಟು ಅಲ್ಲೇ ಕಟ್ಟೆಯ ಮೇಲೆ ಕುಸಿದರು. ನನಗೆ ಸಂತೋಷ ತಡೆಯಲಾಗಲಿಲ್ಲ. “ಸಾಯಬಣ್ಣ, ನಿನ್ನ ಮಗಳದಂತೂ ಆಯ್ತು. ನಮ್ಮ ಮೇಷ್ಟ್ರಿಗೆ ಯಾವ ಬಣ್ಣ ಹಚ್ಚೋಣ ಹೇಳು?” ಎಂದೆ.

ಸಾಯಬಣ್ಣ ಅವಸರ ಮಾಡಲಿಲ್ಲ. ಭೂತಗನ್ನಡಿ ಎತ್ತಿ ಮೇಷ್ಟ್ರ ಬೆವೆತ ಮುಖ ನೋಡಿದ, ಕೆಂಪು ಶಾಯಿ ಮೆತ್ತಿದ ಬೆರಳು ನೋಡಿದ, ಕೋಳಿ ಹತ್ತಿ ಕೂತಿದ್ದ ಅವರ ಚಪ್ಪಲಿಯನ್ನೂ ನೋಡಿದ.

“ಕೆಂಪು ಬ್ಯಾಡ್ರಿ, ಪಾಪ,” ಎಂದ. “ಹಳದಿ ಹಚ್ರಿ.”